ಐದು ಜನ, ನಾಲ್ಕು ಗುಂಡು: ಕಥೆಯ ಕೊನೆ ಬದಲಿಸಬಹುದಾ?

ಪ್ರಶ್ನೆ: ಸರ್, ನಾನು ಚಿಕ್ಕಬಳ್ಳಾಪುರದವನು. ಬಿ.ಕಾಂ. ಮುಗಿಸಿ ಅಪ್ಪನ ಜೊತೆ ಹೂವಿನ ವ್ಯಾಪಾರ ನೋಡಿಕೊಳ್ಳುತ್ತಿದ್ದೇನೆ. ಸ್ಟೀಫನ್ ಕಿಂಗ್ ಬರೆದ 'ದಿ ಮಿಸ್ಟ್' ಓದಿದೆ. ಆಮೇಲೆ ಅದರ ಸಿನಿಮಾ ನೋಡಿದೆ. ಕೊನೆ ಪೂರ್ತಿ ಬೇರೆ. ಕಥೆಯಲ್ಲಿ ಒಂಚೂರು ಆಸೆ ಉಳಿಯುತ್ತದೆ. ಸಿನಿಮಾದಲ್ಲಿ ಅಪ್ಪನೇ ಮಗನನ್ನು ಕೊಲ್ಲುತ್ತಾನೆ. ಹೀಗೆ ಬದಲಿಸೋಕೆ ಡೈರೆಕ್ಟರಿಗೆ ಯಾರು ಅಧಿಕಾರ ಕೊಟ್ಟರು? ಕಥೆಗಾರನಿಗೆ ಇದು ಅವಮಾನ ಅಲ್ವಾ? ಇನ್ನೊಂದು ವಿಷಯ. ನಾವು ಕೆಲವು ಗೆಳೆಯರು ಸೇರಿ ಒಬ್ಬ ಹೆಸರಾಂತ ಕನ್ನಡ ಲೇಖಕರ ದೆವ್ವದ ಕಥೆಯನ್ನು ನಂದಿ ಬೆಟ್ಟದ ಮಂಜಿನಲ್ಲಿ ಕಿರುಚಿತ್ರ ಮಾಡೋಣ ಅಂತಿದ್ದೇವೆ. ಲೇಖಕರು ತೀರಿಕೊಂಡು ಹತ್ತು ಹನ್ನೆರಡು ವರ್ಷ ಆಗಿದೆ. ನಾವೂ ಕೊನೆ ಬದಲಿಸಬಹುದಾ? ಯಾರನ್ನಾದರೂ ಕೇಳಬೇಕಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕೇಳಲೇಬೇಕು. ಯಾರನ್ನು, ಹೇಗೆ ಅನ್ನೋದು ಮುಂದೆ ಬರುತ್ತದೆ. ಅದಕ್ಕೆ ಮುಂಚೆ ನಿಮ್ಮ ಸಿಟ್ಟಿನ ವಿಷಯ ಮಾತಾಡೋಣ. ನಿಮ್ಮ ಕಿರುಚಿತ್ರಕ್ಕೆ ಬೇಕಾದ ಅರ್ಧ ವಿಷಯ ಅದರಲ್ಲೇ ಇದೆ. ಸಿನಿಮಾ ನೋಡಿಲ್ಲದ ಓದುಗರಿಗೆ ಒಂದು ಎಚ್ಚರಿಕೆ: ಇಲ್ಲಿ ಕ್ಲೈಮ್ಯಾಕ್ಸ್ ಪೂರ್ತಿ ಹೇಳಿಬಿಡುತ್ತೇನೆ. ಬೇಡ ಅನ್ನಿಸಿದರೆ ನೋಡಿಕೊಂಡು ಬಂದು ಓದಿ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಮೇಯ್ನ್ ರಾಜ್ಯದ ಒಂದು ಸಣ್ಣ ಊರು. ರಾತ್ರಿ ಬಿರುಗಾಳಿ ಬೀಸಿ ಮರಗಳೆಲ್ಲ ಬಿದ್ದಿವೆ. ಡೇವಿಡ್ ಡ್ರೇಟನ್ ಅನ್ನುವವನು ಹೆಂಡತಿಯನ್ನು ಮನೆಯಲ್ಲಿ ಬಿಟ್ಟು, ಚಿಕ್ಕ ಮಗ ಬಿಲ್ಲಿಯನ್ನು ಕರೆದುಕೊಂಡು ಸಾಮಾನು ತರೋಕೆ ಸೂಪರ್‌ಮಾರ್ಕೆಟ್‌ಗೆ ಹೋಗುತ್ತಾನೆ. ಅಷ್ಟರಲ್ಲಿ ಬಿಳಿ ಮಂಜು ಬಂದು ಊರನ್ನೇ ಮುಚ್ಚುತ್ತದೆ. ಮಂಜಿನ ಒಳಗೆ ಏನೋ ಇದೆ. ಹೊರಗೆ ಹೋದವರು ವಾಪಸ್ ಬರುವುದಿಲ್ಲ. ಒಳಗೆ ಸಿಕ್ಕಿಬಿದ್ದವರಲ್ಲಿ ಮಿಸೆಸ್ ಕಾರ್ಮೋಡಿ ಅಂತ ಒಬ್ಬಳು. ಇದು ದೇವರ ಶಿಕ್ಷೆ, ರಕ್ತ ಕೊಟ್ಟರೆ ಮಾತ್ರ ಶಾಂತಿ ಅಂತ ಶುರು ಹಚ್ಚಿಕೊಳ್ಳುತ್ತಾಳೆ. ಮೊದಲು ಎಲ್ಲರೂ ಅವಳನ್ನು ನೋಡಿ ನಗುತ್ತಾರೆ. ಆಮೇಲೆ ಒಬ್ಬೊಬ್ಬರೇ ಅವಳ ಸುತ್ತ ಕೂರುತ್ತಾರೆ. 1980ರಲ್ಲಿ ಬಂದ ನೀಳ್ಗತೆ ಇದು. 1985ರಲ್ಲಿ 'ಸ್ಕೆಲಿಟನ್ ಕ್ರೂ' ಸಂಕಲನಕ್ಕೆ ಸೇರಿತು. ಫ್ರಾಂಕ್ ಡ್ಯಾರಬಾಂಟ್ 2007ರಲ್ಲಿ ಸಿನಿಮಾ ಮಾಡಿದರು.

ಕಥೆಯ ಕೊನೆಯಲ್ಲಿ ಡೇವಿಡ್ ಕೆಲವರನ್ನು ಕಾರಿಗೆ ಹತ್ತಿಸಿಕೊಂಡು ತಪ್ಪಿಸಿಕೊಳ್ಳುತ್ತಾನೆ. ಎಷ್ಟು ದೂರ ಹೋದರೂ ಮಂಜು ಮುಗಿಯುವುದಿಲ್ಲ. ರೇಡಿಯೊದ ಗೊರಗೊರ ಸದ್ದಿನ ನಡುವೆ ಒಂದು ಊರಿನ ಹೆಸರು ಕೇಳಿಸಿದ ಹಾಗಾಗುತ್ತದೆ. ನಿಜವಾಗಲೂ ಕೇಳಿಸಿತೋ, ಕಿವಿಯ ಭ್ರಮೆಯೋ, ಅವನಿಗೇ ಗೊತ್ತಿಲ್ಲ. ಅಲ್ಲಿಗೆ ಕಥೆ ನಿಲ್ಲುತ್ತದೆ. ಸಿನಿಮಾದಲ್ಲಿ ಪೆಟ್ರೋಲ್ ಖಾಲಿಯಾಗುತ್ತದೆ. ಕಾರಿನಲ್ಲಿ ಐದು ಜನ. ಪಿಸ್ತೂಲಿನಲ್ಲಿ ನಾಲ್ಕು ಗುಂಡು. ಡೇವಿಡ್ ಮಗನನ್ನೂ ಸೇರಿಸಿ ನಾಲ್ವರನ್ನು ಕೊಂದು, ತನ್ನನ್ನು ತಿನ್ನೋಕೆ ಬನ್ನಿ ಅಂತ ಕಿರುಚುತ್ತಾ ಕೆಳಗಿಳಿಯುತ್ತಾನೆ. ಮಂಜು ಸರಿಯುತ್ತದೆ. ಬರುವುದು ಸೈನ್ಯ. ಇನ್ನು ಕೆಲವೇ ನಿಮಿಷ ಕಾದಿದ್ದರೆ ಐದೂ ಜನ ಬದುಕುತ್ತಿದ್ದರು.

ಈಗ ಕಥೆಯ ಕೊನೆಯ ಪುಟಗಳನ್ನು ಇನ್ನೊಂದು ಸಲ ತೆಗೆಯಿರಿ. ಅಲ್ಲಿ ಡೇವಿಡ್ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕುತ್ತಾನೆ. ಗುಂಡು ಮೂರು ಉಳಿದಿವೆ, ನಾವು ನಾಲ್ಕು ಜನ, ಅಂಥ ಗತಿಯೇ ಬಂದರೆ ನನಗೆ ನಾನು ಬೇರೆ ದಾರಿ ನೋಡಿಕೊಳ್ಳುತ್ತೇನೆ ಅನ್ನುತ್ತಾನೆ. ಓದುವಾಗ ಕಣ್ಣು ಸುಮ್ನೆ ದಾಟಿ ಹೋಗುವಂಥ ಸಾಲು. ಡ್ಯಾರಬಾಂಟ್ ಅಲ್ಲಿ ನಿಂತುಬಿಟ್ಟರು. ಅಂಥ ಗತಿ ಬಂದೇ ಬಿಟ್ಟರೆ ಏನಾಗುತ್ತದೆ ಅಂತ ಕೇಳಿಕೊಂಡರು. ಒಬ್ಬರು ಜಾಸ್ತಿ, ಒಂದು ಗುಂಡು ಜಾಸ್ತಿ, ಲೆಕ್ಕ ಮಾತ್ರ ಅದೇ. ಹಾಗಾಗಿ ಈ ಕೊನೆಯನ್ನು ಹೊರಗಿನಿಂದ ತಂದು ಅಂಟಿಸಿದರು ಅಂತ ನಾನು ಒಪ್ಪುವುದಿಲ್ಲ. ಬೀಜ ಕಿಂಗ್ ಅವರದೇ.

ಕಿಂಗ್ ಅದನ್ನು ಮೆಚ್ಚಿಕೊಂಡರು ಕೂಡ. ಈ ಕೊನೆ ನನಗೆ ಹೊಳೆದಿದ್ದರೆ ನಾನೇ ಬರೆಯುತ್ತಿದ್ದೆ ಅನ್ನುವ ಅರ್ಥದಲ್ಲಿ ಮಾತಾಡಿದ್ದಾರೆ. ಡ್ಯಾರಬಾಂಟ್ ಅದಕ್ಕಾಗಿ ಬೆಲೆಯನ್ನೂ ತೆತ್ತರು. ಕೊನೆ ಬದಲಿಸಿದರೆ ದುಡ್ಡು ಜಾಸ್ತಿ ಕೊಡುತ್ತೇವೆ ಅಂದವರನ್ನು ಬಿಟ್ಟು, ಸುಮಾರು 1.8 ಕೋಟಿ ಡಾಲರಿನಲ್ಲಿ ಸಿನಿಮಾ ಮುಗಿಸಿದರು. ಹಾಲಿವುಡ್ ಲೆಕ್ಕಕ್ಕೆ ಅದು ಸಣ್ಣ ದುಡ್ಡು. ಅಂದರೆ ಅಧಿಕಾರ ಯಾರು ಕೊಟ್ಟರು ಅಂದಿರಲ್ಲ, ಹಕ್ಕು ಮಾರಿದ ಕಥೆಗಾರನೇ ಕೊಟ್ಟ, ಮನಸಾರೆ ಕೊಟ್ಟ.

ಇನ್ನೊಂದು ಪಾತ್ರ ಗಮನಿಸಿದ್ರಾ? ಮಂಜು ಬಂದ ಸ್ವಲ್ಪ ಹೊತ್ತಿಗೇ ಒಬ್ಬ ತಾಯಿ ಎದ್ದು ನಿಲ್ಲುತ್ತಾಳೆ. ಮನೆಯಲ್ಲಿ ಮಕ್ಕಳಿಬ್ಬರೇ ಇದ್ದಾರೆ, ಯಾರಾದರೂ ನನ್ನ ಜೊತೆ ಬನ್ನಿ ಅಂತ ಒಬ್ಬೊಬ್ಬರ ಮುಖವನ್ನೂ ನೋಡಿ ಕೇಳುತ್ತಾಳೆ. ಯಾರೂ ಹೋಗುವುದಿಲ್ಲ. ಡೇವಿಡ್ ಕೂಡ ಹೋಗುವುದಿಲ್ಲ, ನನಗೂ ಮಗ ಇದ್ದಾನೆ ಅನ್ನುತ್ತಾನೆ. ಅವಳು ಒಬ್ಬಳೇ ಮಂಜಿಗೆ ಇಳಿಯುತ್ತಾಳೆ. ಕಥೆಯಲ್ಲಿ ಅಲ್ಲಿಗೆ ಅವಳ ಸುದ್ದಿ ಮುಗಿಯಿತು. ಸಿನಿಮಾದ ಕೊನೆಯಲ್ಲಿ ಸೈನ್ಯದ ಟ್ರಕ್ಕುಗಳು ಸಾಲಾಗಿ ಹೋಗುವಾಗ ಒಂದು ಟ್ರಕ್ಕಿನಲ್ಲಿ ಅವಳು ನಿಂತಿದ್ದಾಳೆ, ಮಕ್ಕಳಿಬ್ಬರನ್ನೂ ಅಪ್ಪಿಕೊಂಡು. ಮಾತಿಲ್ಲ. ಅವಳು ಡೇವಿಡ್‌ನನ್ನು ನೋಡುತ್ತಾಳೆ, ಟ್ರಕ್ಕು ಮುಂದೆ ಹೋಗುತ್ತದೆ. ಆ ಕೆಲವು ಸೆಕೆಂಡಿನ ಶಾಟು ನನ್ನ ಪ್ರಕಾರ ಇಡೀ ಸಿನಿಮಾದಲ್ಲೇ ಕ್ರೂರವಾದದ್ದು. ಗುಂಡಿನ ಸದ್ದಿಗಿಂತ ಜಾಸ್ತಿ. ಎರಡು ಗಂಟೆ ಹಿಂದೆ ಬಂದು ಹೋದ ಒಂದು ಸಣ್ಣ ಪಾತ್ರವನ್ನು ಸುಮ್ನೆ ಇನ್ನೊಮ್ಮೆ ತೋರಿಸಿ ಅಷ್ಟು ಕೆಲಸ ತೆಗೆದಿದ್ದಾರೆ. ಖರ್ಚು ಏನೂ ಇಲ್ಲ ನೋಡಿ.

ತೆಗೆದು ಹಾಕಿದ್ದೂ ಇದೆ. ಕಥೆಯಲ್ಲಿ ಡೇವಿಡ್‌ಗೂ ಅಮಾಂಡಾ ಅನ್ನುವವಳಿಗೂ ಆ ಭಯದ ನಡುವೆ ಒಂದು ಸಂಬಂಧ ಆಗುತ್ತದೆ. ಸಿನಿಮಾದಲ್ಲಿ ಅದು ಇಲ್ಲ. ಕೊನೆಯಲ್ಲಿ ಮಗನ ಮೇಲೆ ಪಿಸ್ತೂಲು ಎತ್ತಬೇಕಾದವನು ಅಲ್ಲಿವರೆಗೂ ಅಪ್ಪನಾಗಿಯೇ ಇರಬೇಕು. ಮಧ್ಯೆ ಬೇರೆ ಏನಾದರೂ ಬಂದರೆ ನೋಡುವವನ ಮನಸ್ಸು ಎರಡಾಗುತ್ತದೆ. ಕೊನೆ ಬದಲಿಸಿದ ಮೇಲೆ ಅದಕ್ಕೆ ತಕ್ಕಂತೆ ಹಿಂದಿನದ್ದನ್ನೆಲ್ಲ ತಿದ್ದಿಕೊಂಡು ಬಂದಿದ್ದಾರೆ. ನಮ್ಮಲ್ಲಿ ಎಷ್ಟೋ ಕಿರುಚಿತ್ರಗಳು ಇಲ್ಲೇ ಕೆಡುತ್ತವೆ. ಕೊನೆಗೊಂದು ಟ್ವಿಸ್ಟ್ ಇಡುತ್ತಾರೆ, ಹಿಂದಿನ ಹದಿನೈದು ನಿಮಿಷ ಹಾಗೇ ಬಿಡುತ್ತಾರೆ.

ಇದೇ ಕಿಂಗ್ ಇನ್ನೊಂದು ಸಿನಿಮಾ ವಿಷಯದಲ್ಲಿ ಹೇಗೆ ನಡೆದುಕೊಂಡರು ನೋಡಿ. 1977ರ ಕಾದಂಬರಿ 'ದಿ ಶೈನಿಂಗ್'. ಸ್ಟ್ಯಾನ್ಲಿ ಕುಬ್ರಿಕ್ 1980ರಲ್ಲಿ ಸಿನಿಮಾ ಮಾಡಿದರು. ಚಳಿಗಾಲದಲ್ಲಿ ಮುಚ್ಚಿದ ದೊಡ್ಡ ಹೋಟೆಲ್ಲು, ಅದನ್ನು ಕಾಯೋಕೆ ಬಂದ ಗಂಡ, ಹೆಂಡತಿ, ಮಗು. ಊರೂರಲ್ಲಿ ಅದನ್ನು ಹಾರರ್ ಸಿನಿಮಾಗಳ ರಾಜ ಅಂತಾರೆ. ಕಿಂಗ್‌ಗೆ ಮಾತ್ರ ಸೇರಲಿಲ್ಲ. ನೋಡೋಕೆ ಚೆಂದದ ದೊಡ್ಡ ಕಾರು, ಒಳಗೆ ಎಂಜಿನ್ನೇ ಇಲ್ಲ ಅಂದರು. ಸೇರದಿರೋದಕ್ಕೆ ಕಾರಣ ಇದೆ. ಕಾದಂಬರಿಯ ಅಪ್ಪ ಕುಡಿತ ಬಿಟ್ಟು ನೆಟ್ಟಗಾಗಬೇಕು ಅಂತ ಒದ್ದಾಡುವವನು. ಹೋಟೆಲ್ಲು ಅವನನ್ನು ನಿಧಾನವಾಗಿ ತಿನ್ನುತ್ತದೆ. ಕೊನೆಯಲ್ಲಿ ಒಂದು ಕ್ಷಣ ಅವನಿಗೆ ಎಚ್ಚರ ಬಂದು, ಓಡು ಅಂತ ಮಗನಿಗೆ ಹೇಳುತ್ತಾನೆ. ಆಮೇಲೆ ಬಾಯ್ಲರ್ ಸಿಡಿದು ಹೋಟೆಲ್ಲೇ ಸುಟ್ಟುಹೋಗುತ್ತದೆ. ಸಿನಿಮಾದ ಅಪ್ಪ ಮೊದಲ ಸೀನಿನಲ್ಲೇ ಒಂಥರಾ ಕಾಣುತ್ತಾನೆ. ಬೀಳೋಕೆ ಅವನು ಮೇಲೆ ಇದ್ದಿದ್ದರೆ ತಾನೆ? ಕೊನೆಗೆ ಹಿಮದಲ್ಲಿ ಹೆಪ್ಪುಗಟ್ಟಿ ಸಾಯುತ್ತಾನೆ. ಬೆಂಕಿಯಲ್ಲಿ ಮುಗಿಯಬೇಕಾದದ್ದು ಮಂಜುಗಡ್ಡೆಯಲ್ಲಿ ಮುಗಿಯಿತು.

ಗಮನಿಸಿ, ಅದೇ ಹೋಟೆಲ್ಲು, ಅದೇ ಸಂಸಾರ, ಅದೇ ಹುಚ್ಚು. ಆದರೂ ಕಥೆಗಾರನಿಗೆ ನೋವಾಯಿತು. 'ದಿ ಮಿಸ್ಟ್'ನಲ್ಲಿ ಅಷ್ಟು ದೊಡ್ಡ ಕೊನೆಯೇ ಬದಲಾಯಿತು, ಆದರೂ ಖುಷಿಯಾಯಿತು. ಯಾಕೆಂದರೆ ಒಂದೊಂದು ದೆವ್ವದ ಕಥೆಗೂ ಒಳಗೆ ಒಂದು ಭಯ ಇರುತ್ತದೆ. ದೆವ್ವ ಅದರ ಮೇಲೆ ಹೊದಿಸಿದ್ದು. 'ದಿ ಶೈನಿಂಗ್'ನ ಭಯ, ನಾನೇ ನನ್ನ ಮಗುವಿಗೆ ಕೇಡಾಗಿಬಿಡುತ್ತೇನಾ ಅನ್ನುವ ಒಳ್ಳೆಯ ಅಪ್ಪನ ಭಯ. ಕುಬ್ರಿಕ್ ಆ ಒಳ್ಳೆಯ ಅಪ್ಪನನ್ನೇ ತೆಗೆದರು. 'ದಿ ಮಿಸ್ಟ್'ನ ಭಯವೂ ಹೆಚ್ಚು ಕಡಿಮೆ ಅದೇ, ಜೊತೆಗೆ ಹೆದರಿದ ಜನ ಏನು ಬೇಕಾದರೂ ಮಾಡುತ್ತಾರೆ ಅನ್ನೋದು. ಕಾರ್ಮೋಡಿಯ ಹಿಂದೆ ಹೋದವರನ್ನು ನೋಡಿ ಛೀ ಅಂದ ಡೇವಿಡ್, ಕೊನೆಗೆ ಆಸೆ ಬಿಟ್ಟು ಅವರಿಗಿಂತ ದೊಡ್ಡ ಬಲಿ ಕೊಡುತ್ತಾನೆ. ಡ್ಯಾರಬಾಂಟ್ ಆ ಭಯವನ್ನು ಕಥೆಗಿಂತ ಒಂದು ಹೆಜ್ಜೆ ಮುಂದೆ ಒಯ್ದರು. ಕುಬ್ರಿಕ್ ಸಿನಿಮಾ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಅದರ ಚಳಿ ಬೇರೆಯೇ. ಆದರೆ ಅದು ಕಿಂಗ್ ಕಥೆಯ ಭಯ ಅಲ್ಲ. ಸೈನ್ಯ ಸರಿಯಾಗಿ ಆ ನಿಮಿಷಕ್ಕೇ ಬರೋದು ಸ್ವಲ್ಪ ಹೊಂದಿಸಿದ ಹಾಗೆ ಕಾಣುತ್ತದೆ ಅಂತ ನೀವು ಅಂದರೆ, ಅದಕ್ಕೆ ನನ್ನದೂ ಒಪ್ಪಿಗೆ ಇದೆ.

ಕನ್ನಡದಲ್ಲೂ ಈ ಜಗಳ ಹಳೆಯದೇ. ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಮೂರೂ ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ಮಾಡಿದರು. ಜನ ಮುಗಿಬಿದ್ದು ನೋಡಿದರು. ತ.ರಾ.ಸು. ಮಾತ್ರ, ಇದು ನಾಗರಹಾವಲ್ಲ, ಕೇರೆಹಾವು ಅಂದರಂತೆ. ಕಿಂಗ್ ಹೇಳಿದ ಎಂಜಿನ್ ಇಲ್ಲದ ಕಾರಿನ ಮಾತಿಗಿಂತ ನನಗೆ ಇದೇ ಇಷ್ಟ. ಹಲ್ಲಿನ ವಿಷ ಹೋಯಿತು ಅನ್ನೋದನ್ನು ಇದಕ್ಕಿಂತ ಚೆನ್ನಾಗಿ ಹೇಳೋಕೆ ಆಗಲ್ಲ.

ದೆವ್ವ, ಮಾಟದ ಕಥೆ ಅಂದರೆ ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಿರಿಯರಿಗೆ ಮೊದಲು ನೆನಪಾಗೋದು ಯಂಡಮೂರಿ ವೀರೇಂದ್ರನಾಥ್ ಅವರ 'ತುಳಸಿದಳ'. ಈ ಕಡೆ ತೆಲುಗು, ಕನ್ನಡ ಎರಡೂ ಓದುವ ಮನೆಗಳು ಬೇಕಾದಷ್ಟು. ಕೆಲವರು ತೆಲುಗಿನಲ್ಲೇ ಓದಿದರು, ಕೆಲವರು ಕನ್ನಡದಲ್ಲಿ. 1985ರಲ್ಲಿ ಅದು ಕನ್ನಡದಲ್ಲಿ ಸಿನಿಮಾ ಆಯಿತು. ನಿರ್ದೇಶಕರು ವೇಮಗಲ್ ಜಗನ್ನಾಥರಾವ್. ಹೆಸರಲ್ಲೇ ಕೋಲಾರ ತಾಲ್ಲೂಕಿನ ಊರಿದೆ. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ತುಂಬಾ ಜನ ಒಂದೇ ಮಾತು ಹೇಳುತ್ತಾರೆ: ಪುಸ್ತಕ ಓದಿದಾಗ ಆದ ಭಯವೇ ಬೇರೆ. ಆ ಕಾದಂಬರಿ ಓದುಗನನ್ನು ಕಟ್ಟಿಹಾಕೋದು ಅನುಮಾನದಲ್ಲಿ. ಒಂದು ಕಡೆ ಡಾಕ್ಟರುಗಳು, ಒಂದು ಕಡೆ ಮಂತ್ರವಾದಿಗಳು, ಮಧ್ಯೆ ನರಳುವ ಪುಟ್ಟ ಹುಡುಗಿ ತುಳಸಿ. ಕಾಯಿಲೆಯಾ, ಮಾಟವಾ? ಪುಟದ ಮೇಲೆ ಈ ತೂಗುಯ್ಯಾಲೆಯನ್ನು ಎಷ್ಟು ದಿನ ಬೇಕಾದರೂ ಆಡಿಸಬಹುದು. ಸಿನಿಮಾದಲ್ಲಿ ಹಾಗಾಗೋದು ಕಷ್ಟ. ಕ್ಯಾಮೆರಾ ಮುಂದೆ ಒಂದು ಸಲ ಮಂತ್ರವಾದಿ ಬಂದು ಕೂತು ಬೆಂಕಿ ಹಾಕಿದ ಅಂದರೆ ನೋಡುವವನು ಅಲ್ಲೇ ತೀರ್ಮಾನ ಮಾಡಿಬಿಡುತ್ತಾನೆ. ಕಣ್ಣಿಗೆ ಕಂಡದ್ದನ್ನು ಮನಸ್ಸು ನಂಬುತ್ತದೆ, ಅನುಮಾನ ಸಾಯುತ್ತದೆ.

ಕಿಂಗ್ ಅವರಿಗೂ ಇದೇ ಆಯಿತು. ಕುಬ್ರಿಕ್ ಮೇಲಿನ ಸಿಟ್ಟಿಗೆ 1997ರಲ್ಲಿ ತಾವೇ ಚಿತ್ರಕಥೆ ಬರೆದು 'ದಿ ಶೈನಿಂಗ್' ಟಿವಿ ಸೀರಿಯಲ್ ಮಾಡಿಸಿದರು. ಪುಸ್ತಕಕ್ಕೆ ತುಂಬಾ ಹತ್ತಿರ. ಪುಸ್ತಕದಲ್ಲಿ ಹೋಟೆಲ್ಲಿನ ತೋಟದ ಗಿಡಗಳನ್ನು ಪ್ರಾಣಿಗಳ ಆಕಾರಕ್ಕೆ ಕತ್ತರಿಸಿರುತ್ತಾರೆ. ಅಪ್ಪ ಆ ಕಡೆ ತಿರುಗಿ ಈ ಕಡೆ ನೋಡುವಷ್ಟರಲ್ಲಿ ಅವು ಒಂಚೂರು ಜಾಗ ಬದಲಿಸಿವೆ. ಓದುವಾಗ ಬೆನ್ನು ತಣ್ಣಗಾಗುತ್ತದೆ. ಟಿವಿಯಲ್ಲಿ ಕಂಪ್ಯೂಟರಿನಲ್ಲಿ ಮಾಡಿದ ಹಸಿರು ಸಿಂಹ ನಡೆದು ಬಂದಾಗ ನಗು ಬರುತ್ತದೆ. ಕುಬ್ರಿಕ್ ಗಿಡದ ಪ್ರಾಣಿಗಳನ್ನು ಬಿಟ್ಟು, ಗಿಡಗಳ ಚಕ್ರವ್ಯೂಹ ಇಟ್ಟಿದ್ದರು. ಆ ಒಂದು ವಿಷಯದಲ್ಲಿ ಕುಬ್ರಿಕ್ ಸರಿ. ಕ್ಯಾಮೆರಾಗೆ ಏನು ಬರುತ್ತದೆ, ಏನು ಬರಲ್ಲ ಅಂತ ಆ ಮನುಷ್ಯನಿಗೆ ಗೊತ್ತಿತ್ತು.

ಹಾಗಾದರೆ ನೀವೇನು ಮಾಡಬೇಕು? ನಿಮ್ಮ ಕಥೆ ಯಾವುದು ಅಂತ ಬರೆದಿಲ್ಲ. ಯಾವುದೇ ಆಗಲಿ, ಅದರಲ್ಲಿ ಯಾರಿಗೆ ಏನು ಕಳೆದುಕೊಳ್ಳುವ ಭಯ ಅಂತ ಮೊದಲು ಒಂದು ಸಾಲು ಬರೆದುಕೊಳ್ಳಿ. ದೆವ್ವ ಅನ್ನೋ ಪದ ಆ ಸಾಲಿನಲ್ಲಿ ಬರಬಾರದು. ನೀವು ಬದಲಿಸುವ ಕೊನೆ ಆ ಸಾಲನ್ನು ಇನ್ನೂ ಗಟ್ಟಿ ಮಾಡಿದರೆ ಇಟ್ಟುಕೊಳ್ಳಿ. ಸುಮ್ನೆ ನೋಡುವವರಿಗೆ ಶಾಕ್ ಕೊಡೋಕೆ ಅಂತಾದರೆ ಲೇಖಕರು ಬರೆದ ಕೊನೆಯೇ ವಾಸಿ.

ತೋರಿಸೋದು ಕಮ್ಮಿ ಮಾಡಿ. 'ದಿ ಮಿಸ್ಟ್'ನಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮಂಜಿನೊಳಗೆ ಹೋಗುತ್ತಾನೆ. ಹಗ್ಗದ ಇನ್ನೊಂದು ತುದಿ ಅಂಗಡಿಯ ಬಾಗಿಲಲ್ಲಿ ನಿಂತವರ ಕೈಯಲ್ಲಿ. ಹಗ್ಗ ಮೆಲ್ಲಗೆ ಬಿಚ್ಚಿಕೊಂಡು ಹೋಗುತ್ತಿದೆ. ನಿಂತಿತು. ಮತ್ತೆ ಜಗ್ಗಿತು. ಆಮೇಲೆ ಕೈ ಸುಟ್ಟುಹೋಗುವಷ್ಟು ಜೋರಾಗಿ ಓಡುತ್ತದೆ, ನೆಲದ ಉದ್ದಕ್ಕೆ ಇದ್ದದ್ದು ಮೇಲಕ್ಕೆ, ಆಕಾಶದ ಕಡೆಗೆ ಏರುತ್ತದೆ. ಆಮೇಲೆ ಸಡಿಲ. ಪ್ರಾಣಿ ಕಾಣುವುದೇ ಇಲ್ಲ. ಅದು ಎಷ್ಟು ಎತ್ತರ ಇರಬಹುದು ಅಂತ ಹಗ್ಗವೇ ಹೇಳಿಬಿಟ್ಟಿತು. ಕಥೆಯಲ್ಲಿ ವಾಪಸ್ ಎಳೆದಾಗ ಬರೋದು ರಕ್ತ ಕುಡಿದ ಹಗ್ಗದ ತುದಿ ಮಾತ್ರ. ಸಿನಿಮಾದಲ್ಲಿ ಅರ್ಧ ದೇಹ ಎಳೆದು ತೋರಿಸುತ್ತಾರೆ. ಅಲ್ಲಿ ಕಥೆಯೇ ಗೆದ್ದಿದೆ ಅನ್ನುತ್ತೇನೆ. ಅದಕ್ಕೂ ಮುಂಚೆ ಗೋಡೌನಿನ ಬಾಗಿಲಿನಿಂದ ಒಳಗೆ ನುಗ್ಗುವ, ಕಂಪ್ಯೂಟರಿನಲ್ಲಿ ಮಾಡಿದ ಪ್ರಾಣಿಯ ಉದ್ದ ಕೈಗಳಂತೂ ಈಗ ನೋಡಿದರೆ ರಬ್ಬರಿನ ಹಾಗೆ ಕಾಣುತ್ತವೆ. ನಿಮ್ಮ ಹತ್ತಿರ ಗ್ರಾಫಿಕ್ಸ್‌ಗೆ ದುಡ್ಡಿಲ್ಲ ಅಂತ ಬೇಜಾರಾಗಬೇಡಿ. ಒಂದು ಹಗ್ಗ, ಅದನ್ನು ಹಿಡಿದ ಎರಡು ಕೈ, ಒಳ್ಳೆಯ ಸೌಂಡು ಇದ್ದರೆ ಸಾಕು.

ಡ್ಯಾರಬಾಂಟ್ ಕೂಡ ದುಡ್ಡು ಉಳಿಸೋಕೆ ಒಂದು ಪೊಲೀಸ್ ಸೀರಿಯಲ್ಲಿನ ಕ್ಯಾಮೆರಾ ತಂಡವನ್ನೇ ಕರೆದು, ಎರಡು ಕ್ಯಾಮೆರಾ ಕೈಯಲ್ಲಿ ಹಿಡಿದು ಬೇಗ ಬೇಗ ಶೂಟ್ ಮಾಡಿದರು. ಹಿನ್ನೆಲೆ ಸಂಗೀತ ತುಂಬಾ ಕಮ್ಮಿ ಇಟ್ಟರು. ನಮ್ಮ ಹುಡುಗರು ಮೊದಲ ಶಾಟಿನಿಂದಲೇ ರೀ-ರೆಕಾರ್ಡಿಂಗ್ ತುಂಬಿಬಿಡುತ್ತಾರೆ, ಅದೊಂದು ಬಿಡಿ. ಡಿವಿಡಿಯಲ್ಲಿ ಈ ಸಿನಿಮಾದ ಕಪ್ಪು ಬಿಳುಪು ಆವೃತ್ತಿಯೂ ಇದೆ. ಡ್ಯಾರಬಾಂಟ್‌ಗೆ ಅದೇ ಹೆಚ್ಚು ಇಷ್ಟ, ನನಗೂ ಅದೇ. ಸಿಕ್ಕರೆ ನೋಡಿ. ಮಂಜು ಆಗ ಒಂದು ಪಾತ್ರದ ಹಾಗೆ ಕಾಣುತ್ತದೆ, ರಬ್ಬರ್ ಕೈಗಳ ಬಣ್ಣವೂ ಮರೆಯಾಗುತ್ತದೆ.

ನಂದಿ ಬೆಟ್ಟದ ಮಂಜಿನ ವಿಷಯ. 1,478 ಮೀಟರ್ ಎತ್ತರ, ಬೆಳಗಿನ ಹೊತ್ತು ಮೋಡವೇ ಮೈಮೇಲೆ ಬರುತ್ತದೆ, ಚೆಂದವೂ ಹೌದು. ಆದರೆ ಅದು ನಿಮ್ಮ ಮಾತು ಕೇಳಲ್ಲ. ಒಂದು ಶಾಟಿನಲ್ಲಿ ಎದುರಿನ ಮರ ಕಾಣಲ್ಲ, ಮುಂದಿನ ಶಾಟಿನಲ್ಲಿ ಬೆಟ್ಟದ ಬುಡದ ಸುಲ್ತಾನಪೇಟೆವರೆಗೆ ಕಾಣುತ್ತದೆ. ಬಿಸಿಲು ಏರಿದರೆ ಅವತ್ತಿನ ಕೆಲಸ ಮುಗಿದ ಹಾಗೇ. ಅದಕ್ಕೇ ದೂರದ ಶಾಟುಗಳನ್ನು ಮಾತ್ರ ನಿಜವಾದ ಮಂಜಿನಲ್ಲಿ ತೆಗೆಯಿರಿ. ಮುಖದ ಹತ್ತಿರದ ಶಾಟುಗಳನ್ನು ಊರಲ್ಲೇ ಹೊಗೆ ಮಷೀನ್ ಇಟ್ಟು ತೆಗೆಯಬಹುದು. ಆಟೋ ಫೋಕಸ್ ಆಫ್ ಮಾಡಿ, ಮಂಜಿನಲ್ಲಿ ಅದು ಹಿಡಿತ ಸಿಗದೆ ಒದ್ದಾಡುತ್ತದೆ. ಎ.ಸಿ. ಹಾಕಿದ ಕಾರಿನ ತಣ್ಣನೆಯ ಜಾಗದಿಂದ ಕ್ಯಾಮೆರಾ ಸೀದಾ ಹೊರಗೆ ತಂದರೆ ಲೆನ್ಸ್ ಮೇಲೆ ನೀರು ಕೂರುತ್ತದೆ. ಬ್ಯಾಗಿನಲ್ಲೇ ಸ್ವಲ್ಪ ಹೊತ್ತು ಹೊರಗಿಟ್ಟು ಆಮೇಲೆ ತೆಗೆಯಿರಿ. ಲೈಟು ಮುಂದಿನಿಂದ ಬಿಟ್ಟರೆ ಬಿಳಿ ಗೋಡೆ ಎದ್ದ ಹಾಗಾಗುತ್ತದೆ. ಪಾತ್ರದ ಹಿಂದಿನಿಂದ ಬಿಡಿ, ಆಗ ಮಂಜಿನ ಎಳೆ ಎಳೆಯೂ ಕಾಣುತ್ತದೆ, ಮನುಷ್ಯ ನೆರಳಾಗುತ್ತಾನೆ.

ಶನಿವಾರ, ಭಾನುವಾರ ಅಲ್ಲಿಗೆ ಹೋಗಲೇಬೇಡಿ. ಬೆಂಗಳೂರಿನ ಬೈಕುಗಳ ನಡುವೆ ನಿಮ್ಮ ದೆವ್ವ ಟ್ರಾಫಿಕ್ಕಿನಲ್ಲಿ ನಿಲ್ಲಬೇಕಾಗುತ್ತದೆ. ಬೆಟ್ಟದ ಮೇಲೆ ಶೂಟಿಂಗ್‌ಗೆ ಬೆಟ್ಟ ನೋಡಿಕೊಳ್ಳುವ ಇಲಾಖೆಯ ಅನುಮತಿ ಮೊದಲೇ ತೆಗೆದುಕೊಳ್ಳಿ. ದೇವನಹಳ್ಳಿ ವಿಮಾನ ನಿಲ್ದಾಣ ಹತ್ತಿರವೇ ಇರೋದರಿಂದ ಡ್ರೋನ್ ಆಸೆ ಇದ್ದರೆ ಅಲ್ಲಿ ಹಾರಿಸಬಹುದಾ ಅಂತ ಸರ್ಕಾರದ ಡ್ರೋನ್ ನಕ್ಷೆಯಲ್ಲಿ ನೋಡಿಯೇ ಮುಟ್ಟಿ. ನನ್ನ ಕೇಳಿದರೆ ಬೆಟ್ಟಕ್ಕಿಂತ ನಿಮ್ಮ ಹೂವಿನ ಮಾರುಕಟ್ಟೆಯೇ ಒಳ್ಳೆಯ ಜಾಗ. ಚಳಿಗಾಲದ ಬೆಳಗಿನ ಜಾವ, ಸೇವಂತಿಗೆ ಮೂಟೆಗಳು, ಬಲ್ಬಿನ ಬೆಳಕು, ಆಚೆ ಮಂಜು, ಒಳಗೆ ಒಬ್ಬರಿಗೊಬ್ಬರು ಪರಿಚಯ ಇರುವ ಜನ. ಇಲ್ಲ ಅಂದರೆ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ. ಬೆಳೆಗಾರರು, ಗೂಡಿನಿಂದ ನೂಲು ತೆಗೆಯುವ ರೀಲರುಗಳು, ಹಮಾಲಿಗಳು ಎಲ್ಲ ಒಂದೇ ಸೂರಿನ ಕೆಳಗೆ. ಗುರುತಿನವರು ಹೆದರಿದಾಗ ಹೇಗೆ ಮುಖ ಬದಲಿಸುತ್ತಾರೆ ಅನ್ನೋದು ನಿಮಗೆ ಗೊತ್ತಿರುವ ಜಾಗದಲ್ಲೇ ಚೆನ್ನಾಗಿ ಬರುತ್ತದೆ.

ಮಂಜಿನಲ್ಲಿ ಸಿಕ್ಕಿಬಿದ್ದ ಜನ ಅಂದರೆ ಕಿಂಗ್ ಕಥೆ ಕದ್ದ ಹಾಗಾಗುತ್ತಾ ಅಂತ ಕೇಳಬಹುದು. ಬರೀ ಆ ಐಡಿಯಾಗೆ ಯಾರೂ ಒಡೆಯರಲ್ಲ. ತನ್ನ ನಾಟಕ ಕದ್ದು ಸಿನಿಮಾ ಮಾಡಿದರು ಅಂತ ಹೋದ ಆರ್.ಜಿ. ಆನಂದ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಇದನ್ನು ಹೇಳಿದೆ. ವಿಚಾರಕ್ಕೆ ಕಾಪಿರೈಟ್ ಇಲ್ಲ, ಅದನ್ನು ಬರೆದ ರೀತಿಗೆ ಇದೆ. ಕಾರ್ಮೋಡಿ, ಹಗ್ಗ, ಮೂರು ಗುಂಡಿನ ಲೆಕ್ಕ ಎಲ್ಲವನ್ನೂ ತಂದು ಹೆಸರು ಮಾತ್ರ ಕನ್ನಡ ಮಾಡಿದರೆ ಅದು ಕಳ್ಳತನವೇ.

ಇನ್ನು ನಿಮ್ಮ ಕನ್ನಡ ಲೇಖಕರ ಕಥೆ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಕಾಪಿರೈಟ್ ಇರುತ್ತದೆ. ಎಣಿಕೆ ಶುರುವಾಗೋದು ಮುಂದಿನ ವರ್ಷದ ಜನವರಿಯಿಂದ. ಮಾಲೂರು ಕಡೆಯ ನಮ್ಮ ಮಾಸ್ತಿ 1986ರಲ್ಲಿ ತೀರಿಕೊಂಡರು. ಅವರ ಕಥೆಗಳಿಗೆ 2046ರ ಕೊನೆವರೆಗೆ ಅನುಮತಿ ಬೇಕು. ದೇವುಡು ನರಸಿಂಹಶಾಸ್ತ್ರಿಗಳು ಹೋದದ್ದು 1962ರಲ್ಲಿ, ಅವರ ಬರಹ ಈಗ ಎಲ್ಲರದ್ದು. ಹತ್ತು ಹನ್ನೆರಡು ವರ್ಷದ ಹಿಂದೆ ತೀರಿಕೊಂಡವರ ಕಥೆ ಅಂದಮೇಲೆ ಹಕ್ಕು ಮನೆಯವರ ಹತ್ತಿರ ಇರುತ್ತದೆ, ಅಥವಾ ವಿಲ್‌ನಲ್ಲಿ ಯಾರ ಹೆಸರಿಗೆ ಬರೆದಿದ್ದಾರೋ ಅವರ ಹತ್ತಿರ. ಪ್ರಕಾಶಕರ ಹತ್ತಿರ ಸಾಮಾನ್ಯವಾಗಿ ಪುಸ್ತಕ ಅಚ್ಚು ಹಾಕುವ ಹಕ್ಕು ಮಾತ್ರ ಇರುತ್ತದೆ. ಆದರೂ ಫೋನ್ ನಂಬರ್ ಸಿಗೋದು ಪ್ರಕಾಶಕರಿಂದಲೇ, ಅಲ್ಲಿಂದ ಶುರು ಮಾಡಿ. ಕಥೆಯ ಸಿನಿಮಾ ಹಕ್ಕು ಮೊದಲೇ ಯಾರಿಗಾದರೂ ಮಾರಿದ್ದಾರಾ ಅಂತಲೂ ಕೇಳಿ. ಜನಪ್ರಿಯ ಲೇಖಕರ ವಿಷಯದಲ್ಲಿ ಇದು ಮಾಮೂಲು.

ಡ್ಯಾರಬಾಂಟ್ ಶುರುಮಾಡಿದ್ದೂ ಹೀಗೇ, ಅನುಮತಿ ಕೇಳಿ. 1983ರಲ್ಲಿ ಕಿಂಗ್ ಅವರದೇ 'ದಿ ವುಮನ್ ಇನ್ ದಿ ರೂಮ್' ಕಥೆಯನ್ನು ಕಿರುಚಿತ್ರ ಮಾಡಿದರು. ಹೊಸ ಹುಡುಗರಿಗೆ ಕಿಂಗ್ ಸಣ್ಣ ಕಥೆಗಳನ್ನು ಒಂದು ಡಾಲರಿಗೆ ಕೊಡುತ್ತಿದ್ದರು. ಸಿನಿಮಾವನ್ನು ವ್ಯಾಪಾರಕ್ಕೆ ಬಿಡಬಾರದು, ಒಂದು ಪ್ರತಿ ತಮಗೆ ಕಳಿಸಬೇಕು, ಇಷ್ಟೇ ಷರತ್ತು. ಆ ಯೋಜನೆ ಈಗ ನಿಂತಿದೆ. ನಮ್ಮಲ್ಲೂ ಎಷ್ಟೋ ಲೇಖಕರ ಮನೆಯವರು ದುಡ್ಡಿನ ಆಸೆ ಇಲ್ಲದ ಕಿರುಚಿತ್ರಕ್ಕೆ ಹೂಂ ಅನ್ನುತ್ತಾರೆ. ಕೇಳದೆ ಮಾಡಿದರೆ ಮಾತ್ರ ಬೇಜಾರಾಗುತ್ತಾರೆ.

ಒಬ್ಬ ಮಗ ಫೋನಿನಲ್ಲಿ 'ಮಾಡ್ಕೊಳ್ಳಿ ಪರವಾಗಿಲ್ಲ' ಅಂದರೆ ಸಾಲದು. ಬರವಣಿಗೆಯಲ್ಲಿ ಬೇಕು, ವಾರಸುದಾರರು ಎಷ್ಟು ಜನ ಇದ್ದಾರೋ ಅಷ್ಟೂ ಜನರ ಸಹಿ ಬೇಕು. ಹಕ್ಕನ್ನೇ ಬರೆಸಿಕೊಂಡರೆ ಅವಧಿಯನ್ನೂ ಬರೆಸಿ. ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಅಂತ ತಿಳಿಯುತ್ತದೆ. ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತಾಗುತ್ತದೆ. ಬೇರೆ ಮಾತಾಗಿಲ್ಲದಿದ್ದರೆ ಒಂದು ವರ್ಷದೊಳಗೆ ಬಳಸದೆ ಇಟ್ಟ ಹಕ್ಕು ಹೋಗಿಬಿಡುತ್ತದೆ.

ಕೊನೆ ಬದಲಿಸೋದು ಬೇರೆಯೇ ಮಾತು. ಹಕ್ಕು ಕೊಟ್ಟ ಮೇಲೂ, ನನ್ನ ಕೃತಿಯನ್ನು ಕೆಡಿಸಿ ನನ್ನ ಮಾನಕ್ಕೆ ಧಕ್ಕೆ ತಂದರು ಅಂತ ಲೇಖಕರು ಕೋರ್ಟಿಗೆ ಹೋಗಬಹುದು. ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ ಅದು. ಅವರು ಇಲ್ಲದಿದ್ದರೆ ವಾರಸುದಾರರು ಹೋಗಬಹುದು. ಹಿಂದಿಯ ಮನ್ನು ಭಂಡಾರಿ ತಮ್ಮ 'ಆಪ್ ಕಾ ಬಂಟಿ' ಕಾದಂಬರಿಯ ಸಿನಿಮಾ ಮೇಲೆ ಹೀಗೇ ಹೋಗಿದ್ದರು. ಸಿನಿಮಾಗೆ ಬೇಕಾದ ಬದಲಾವಣೆ ಮಾಡಿಕೊಳ್ಳಬಹುದು, ಆದರೆ ಕೃತಿಯ ರೂಪವನ್ನೇ ಕೆಡಿಸುವ ಹಾಗಿಲ್ಲ ಅಂತ 1986ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಹಾಗಾಗಿ ನಿಮ್ಮ ಹೊಸ ಕೊನೆಯನ್ನು ಮುಚ್ಚಿಡಬೇಡಿ. ಪತ್ರದಲ್ಲಿ ಕಥೆಯ ಹೆಸರು, ಚಿತ್ರ ಎಷ್ಟು ನಿಮಿಷ, ಎಲ್ಲಿ ತೋರಿಸುತ್ತೀರಿ, ದುಡ್ಡು ಬಂದರೆ ಅವರಿಗೆಷ್ಟು ಅಂತ ಬರೆಯಿರಿ. ಕೊನೆ ಹೀಗೆ ಬದಲಿಸುತ್ತಿದ್ದೇವೆ, ಯಾಕೆಂದರೆ ಹೀಗೆ ಅಂತ ಒಂದು ಪುಟ ಜೊತೆಗಿಡಿ. ಅದರ ಮೇಲೂ ಅವರ ಸಹಿ ತೆಗೆದುಕೊಳ್ಳಿ.

ಸೆನ್ಸಾರ್ ಬಗ್ಗೆ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಯೂಟ್ಯೂಬಿಗೆ ಹಾಕೋದಾದರೆ ಸರ್ಟಿಫಿಕೇಟ್ ಬೇಕಿಲ್ಲ. ಊರಿನ ಟಾಕೀಸಿನಲ್ಲಿ ಟಿಕೆಟ್ ಇಟ್ಟು ತೋರಿಸೋ ಯೋಚನೆ ಇದ್ದರೆ ಬೇಕು. ಅದಕ್ಕೆ ಅರ್ಜಿ ಹಾಕುವಾಗ ಮನೆಯವರು ಕೊಟ್ಟ ಅನುಮತಿ ಪತ್ರದ ಮೂಲ ಪ್ರತಿ ಕೈಯಲ್ಲಿರಲಿ.